ತೊಗರಿ ಬರ್ತೈತಿ, ಮಾತು ಯಾಕ ಹೋಗವಲ್ದು? ವಿದೇಶಾಂಗ ಸಚಿವರಿಗೆ ವಿಜಯಪುರದಿಂದ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ, ವಿಜಯಪುರದ ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರನ ನಮಸ್ಕಾರಗಳು.

ಸರ್, ನಮ್ಮ ಎಪಿಎಂಸಿಯೊಳಗ ತೊಗರಿ ರೇಟು ಬಿದ್ದಾಗ ರೈತರು ಮೊದಲು ಮಳಿನ್ನ ಬೈತಾರ, ಆಮ್ಯಾಲ ದಲಾಲಿ ಅಂಗಡಿಯವರನ್ನ ಬೈತಾರ, ಕಡೀಕ ಬರ್ಮಾ ಹೆಸರು ತಗೀತಾರ. ಬರ್ಮಾ ಅಂದ್ರ ಈಗಿನ ಮ್ಯಾನ್ಮಾರ್. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಹೊಲ ಇದ್ದವರಿಗೆ ಆ ದೇಶ ಭೂಪಟದಾಗ ಎಲ್ಲೈತಿ ಅಂತ ತೋರಿಸಾಕ ಬರಲಿಕ್ಕಿಲ್ಲ, ಆದ್ರ ಅಲ್ಲಿಂದ ತೊಗರಿ ಬಂತಂದ್ರ ಇಲ್ಲಿ ಕ್ವಿಂಟಲ್‌ಗೆ ಎಷ್ಟು ಇಳೀತೈತಿ ಅನ್ನೋದು ಪಕ್ಕಾ ಗೊತ್ತು. 2021ರ ಜೂನ್ ತಿಂಗಳಾಗ ನಮ್ಮ ಸರ್ಕಾರ ಮ್ಯಾನ್ಮಾರ್ ಜೋಡಿ ಐದು ವರ್ಷದ ಒಪ್ಪಂದ ಮಾಡ್ಕೊಂತು, ವರ್ಷಕ್ಕ ಎರಡೂವರೆ ಲಕ್ಷ ಟನ್ ಉದ್ದು, ಒಂದು ಲಕ್ಷ ಟನ್ ತೊಗರಿ ತರಸ್ಕೊಳ್ಳೋದು ಅಂತ. ರೇಟಿನ ತಕರಾರು ಹೇಳಾಕ ನಾನು ಈ ಪತ್ರ ಬರೀತಿಲ್ರಿ, ಅದಕ್ಕ ಬ್ಯಾರೆ ಮಂತ್ರಿಗಳದಾರ. ನಾನು ಕೇಳಬೇಕಂದಿದ್ದು ಆ ತಾರೀಖಿನ ಬಗ್ಗೆ. ಅದ ವರ್ಷ ಫೆಬ್ರುವರಿ 1ಕ್ಕ ಅಲ್ಲಿಯ ಮಿಲಿಟರಿ ಜನ ಆರಿಸಿದ ಸರ್ಕಾರಾನ್ನ ಕಿತ್ತು ಹಾಕಿತ್ತು. ಮುಂದ ಜೂನ್ ತಿಂಗಳಾಗನ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೊಳಗ ಅದನ್ನ ಖಂಡಿಸೋ ನಿರ್ಣಯ ಬಂತು, 119 ದೇಶ ಹೌದು ಅಂದ್ವು, 36 ದೇಶ ತಟಸ್ಥ ಅಂತ ಕೈಕಟ್ಟಿ ಕುಂತ್ವು. ಆ 36ರೊಳಗ ನಮ್ಮ ದೇಶಾನೂ ಇತ್ತು.

ಅಂದ್ರ ಅವ್ರ ತೊಗರಿ ನಮಗ ಬೇಕು, ಅವ್ರ ಓಟು ಕಸಗೊಂಡದ್ದರ ಬಗ್ಗೆ ನಮಗ ಮಾತಿಲ್ಲ. ಇದು ನನಗ ಸರಿ ಕಾಣವಲ್ದು. ಅದಕ್ಕ ನಾನು ನಿಮಗ ಕೇಳೋದು ಒಂದ ಮಾತು: ಬ್ಯಾರೆ ದೇಶದಾಗ ಜನರ ಆಳ್ವಿಕೆ ಉಳೀಬೇಕು, ಬೆಳೀಬೇಕು ಅನ್ನೋದು ಭಾರತದ ವಿದೇಶಾಂಗ ನೀತಿಯ ಒಂದು ಗುರಿ ಅಂತ ಬಾಯಿಬಿಟ್ಟು ಹೇಳ್ರಿ, ಬರವಣಿಗೆಯೊಳಗ ಹೇಳ್ರಿ, ಅದಕ್ಕ ರೊಕ್ಕ ಮತ್ತ ಮಂದಿ ತಗದಿಡ್ರಿ. ಬಂದೂಕ ಹಿಡಕೊಂಡು ಅಲ್ಲ. ನಮಗ ಬರೋ ಕೆಲಸ ಹಿಡಕೊಂಡು.

ಬಂದೂಕ ಅಂತ ಯಾಕಂದೆ ಅಂದ್ರ, ಈ ವಿಷಯ ತಗದ ಕೂಡ್ಲೆ ಮಂದಿಗೆ ಇರಾಕ್ ನೆನಪಾಗ್ತೈತಿ. ಆಗಬೇಕಾದ್ದ. 2003ರಾಗ ಅಮೆರಿಕಾ ಭಯಂಕರ ಅಸ್ತ್ರ ಅದಾವ ಅಂತ ಹೇಳಿ ಒಳಗ ಹೊಕ್ತು, ಅಸ್ತ್ರ ಸಿಗಲಿಲ್ಲ, ಆಮ್ಯಾಲ ಪ್ರಜಾಪ್ರಭುತ್ವ ತರಾಕ ಬಂದೇವಿ ಅಂದ್ರು. 2005ರ ಜನವರಿಯೊಳಗ ಇರಾಕಿ ಹೆಣ್ಮಕ್ಕಳು ನೇರಳೆ ಶಾಯಿ ಹಚ್ಚಿದ ಬಟ್ಟು ಎತ್ತಿ ತೋರಿಸಿದ ಫೋಟೋ ಜಗತ್ತೆಲ್ಲ ಬಂತು, ಆ ಹೆಣ್ಮಕ್ಕಳ ಧೈರ್ಯಕ್ಕ ನಾನು ಇವತ್ತಿಗೂ ಕೈ ಮುಗೀತೇನಿ, ಆದ್ರ ಆ ಓಟಿನ ಸುತ್ತ ಹರಿದ ರಕ್ತದ ಲೆಕ್ಕ ಯಾರು ಕೊಡ್ತಾರ್ರಿ? ಇನ್ನೂ ಹಿಂದ ಹೋದ್ರ ಅದ ಅಮೆರಿಕಾ 1953ರಾಗ ಇಂಗ್ಲೆಂಡ್ ಜೋಡಿ ಸೇರಿ ಇರಾನಿನ ಆರಿಸಿ ಬಂದ ಪ್ರಧಾನಿ ಮೊಸಾದ್ದೆಕ್‌ರನ್ನ ಇಳಿಸ್ತು, ಎಣ್ಣಿಗೋಸ್ಕರ. 1954ರಾಗ ಗ್ವಾಟೆಮಾಲಾ. 1973ರಾಗ ಬಿದ್ದ ಚಿಲಿಯ ಅಯೆಂದೆ ಸರ್ಕಾರದ ಕಾಲು ಎಳೆಯಾಕ ವರ್ಷಗಟ್ಟಲೆ ರೊಕ್ಕ ಸುರಿದಿದ್ದೂ ಅವ್ರ. 1917ರಾಗ ಅವರ ಅಧ್ಯಕ್ಷ ವುಡ್ರೋ ವಿಲ್ಸನ್ ಪ್ರಜಾಪ್ರಭುತ್ವಕ್ಕ ಜಗತ್ತನ್ನ ಸುರಕ್ಷಿತ ಮಾಡ್ತೇವಿ ಅಂತ ಭಾಷಣ ಮಾಡಿದಾಗಿಂದ ಅವರ ಮಾತು ಮತ್ತ ಕೃತಿ ಕೂಡಿ ನಡೆದದ್ದು ಕಡಿಮಿ. ಅಫ್ಘಾನಿಸ್ತಾನದಾಗ ಇಪ್ಪತ್ತು ವರ್ಷ ಇದ್ದು ಹೊಂಟಾಗ, 2021ರ ಆಗಸ್ಟ್ 15ಕ್ಕ, ಕಾಬೂಲ್ ಹೊಳ್ಳಿ ತಾಲಿಬಾನ್ ಕೈಗೆ ಹೋತು. ಅಲ್ಲಿಯ ಸಂಸತ್ ಭವನ ಕಟ್ಟಿ ಕೊಟ್ಟವರು ನಾವ್ರಿ, 2015ರ ಡಿಸೆಂಬರ್‌ದಾಗ ನಮ್ಮ ಪ್ರಧಾನಿಗಳ ಹೋಗಿ ಉದ್ಘಾಟನೆ ಮಾಡಿದ್ರು. ಈಗ ಆ ಕಟ್ಟಡಕ್ಕ ಆರಿಸಿ ಬಂದ ಒಬ್ಬ ಮೆಂಬರೂ ಇಲ್ಲ, ಹೆಣ್ಮಕ್ಕಳಿಗಂತೂ ಹೈಸ್ಕೂಲ್ ಬಾಗಿಲನ ಮುಚ್ಚೈತಿ. ಮಾಸ್ತರಕಿ ಮಾಡಿದವ ನಾನು, ಆ ಸುದ್ದಿ ಓದಿದಾಗ ಹೊಟ್ಟಿ ಉರೀತೈತಿ.

ನಾವೂ ಒಮ್ಮೆ ಮಿಲಿಟರಿ ಕಳಿಸಿ ನೋಡೇವಿ, ಅದನ್ನೂ ಮರೀಬಾರ್ದು. 1987ರಾಗ ಶ್ರೀಲಂಕಾಕ್ಕ ಶಾಂತಿಪಾಲನಾ ಪಡೆ ಹೋದಾಗ ತಮಿಳರಿಗೆ ಪ್ರಾಂತೀಯ ಸಭೆ, ಅಧಿಕಾರ ಹಂಚಿಕೆ ಅಂತೆಲ್ಲ ಒಳ್ಳೇ ಉದ್ದೇಶನ ಇತ್ತು, 1988ರಾಗ ಚುನಾವಣೆಯೂ ಆತು. 1990ರಾಗ ಪಡೆ ವಾಪಸ್ ಬರೋ ಹೊತ್ತಿಗೆ ಸುಮಾರು 1,200 ಜನ ನಮ್ಮ ಸೈನಿಕರು ಸತ್ತಿದ್ರು, ಅಲ್ಲಿಯ ಎರಡೂ ಕಡೆಯವರು ನಮ್ಮನ್ನ ಬೈತಿದ್ರು. ಬೆಳಗಾವಿಯೊಳಗ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಐತಿ, ನಮ್ಮೂರಾಗ ಸೈನಿಕ್ ಸ್ಕೂಲ್ ಐತಿ, ಈ ಭಾಗದ ಹಳ್ಳಿಗಳಿಂದ ಮಿಲಿಟರಿಗೆ ಹೋಗೋ ಹುಡುಗ್ರು ಎಷ್ಟು ಅಂತ ನಿಮಗೂ ಗೊತ್ತೈತಿ. ಬ್ಯಾರೆಯವರ ದೇಶ ರಿಪೇರಿ ಮಾಡಾಕ ಆ ಹುಡುಗ್ರನ್ನ ಕಳಸ್ರಿ ಅಂತ ಹೇಳೋ ಮನುಷ್ಯಾ ನಾನಲ್ಲ.

ಬಂದೂಕಿಲ್ಲದ ಜುಲುಮೆನೂ ಬ್ಯಾಡ. 2013ರ ಜುಲೈದಾಗ ಭೂತಾನಿನ ಚುನಾವಣೆ ಇನ್ನೇನು ಎರಡು ವಾರ ಐತಿ ಅನ್ನುವಾಗ ನಾವು ಅವರಿಗೆ ಕೊಡ್ತಿದ್ದ ಸಿಲಿಂಡರ್, ಸೀಮೆ ಎಣ್ಣಿ ಸಬ್ಸಿಡಿ ನಿಂತು ಹೋತು. ಯೋಜನಾ ಅವಧಿ ಮುಗಿದಿತ್ತು ಅಂತ ಇಲ್ಲಿಂದ ಕಾರಣ ಹೇಳಿದ್ರು, ಅಲ್ಲಿ ಅಡಿಗಿ ಮಾಡೋ ಹೆಣ್ಮಕ್ಕಳು ಅದನ್ನ ನಂಬಬೇಕಲ್ಲ. 2015ರಾಗ ನೇಪಾಳ ತನ್ನ ಹೊಸ ಸಂವಿಧಾನ ಜಾರಿ ಮಾಡಿದ ಮ್ಯಾಲ ಗಡಿಯೊಳಗ ಪೆಟ್ರೋಲ್, ಔಷಧಿ ಲಾರಿ ತಿಂಗಳುಗಟ್ಟಲೆ ನಿಂತ್ವು. ಅದು ನಾವು ಮಾಡಿದ್ದಲ್ಲ, ಅಲ್ಲಿಯ ತರಾಯಿ ಬಯಲಿನ ಮಧೇಶಿ ಜನರ ಹೋರಾಟ ಅಂತ ದಿಲ್ಲಿ ಹೇಳ್ತು, ಕಾಠ್ಮಂಡುವಿನ ಜನ ಇವತ್ತಿಗೂ ನಮ್ಮ ಹೆಸರ ಹೇಳ್ತಾರ. ಅದಕ್ಕೂ ಹತ್ತು ವರ್ಷ ಹಿಂದ ಅದ ದೇಶದ ಪಕ್ಷಗಳು ಮತ್ತ ಮಾವೋವಾದಿಗಳು ದಿಲ್ಲಿಯೊಳಗ ಕುಂತು 12 ಅಂಶದ ಒಪ್ಪಂದಕ್ಕ ಬಂದಿದ್ರು, 2005ರ ನವೆಂಬರ್‌ದಾಗ, ಅದರಿಂದ ರಾಜನ ಆಳ್ವಿಕೆ ಮುಗಿಯೋ ದಾರಿ ತೆರೀತು. ಅಂಥಾ ಒಳ್ಳೇ ಹೆಸರನ್ನ ಒಂದ ಚಳಿಗಾಲದಾಗ ಕಳಕೊಂಡ್ವಿ.

ಹಂಗಾದ್ರ ಏನ್ ಮಾಡಬೇಕು ಅಂತ ಕೇಳ್ತೀರಿ. ಸುಕುಮಾರ್ ಸೇನ್ ಅವರನ್ನ ನೆನಸ್ಕೊಳ್ರಿ ಸರ್. ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತರು. 1951-52ರಾಗ ಹದಿನೇಳು ಕೋಟಿಗೂ ಮಿಕ್ಕಿದ ಮತದಾರರು, ಅದರಾಗ ಓದು ಬರಹ ಬರದವರ ಬಹಳ, ಉತ್ತರದ ರಾಜ್ಯಗಳೊಳಗ ಹೆಣ್ಮಕ್ಕಳು ತಮ್ಮ ಹೆಸರ ಹೇಳವಲ್ರು, ಇಂಥವರ ಹೇಣ್ತಿ, ಇಂಥವರ ತಾಯಿ ಅಂತ ಬರಸ್ತಿದ್ರು, ಅಂಥಾ ಸುಮಾರು 28 ಲಕ್ಷ ಹೆಸರನ್ನ ಸೇನ್ ಅವರು ಪಟ್ಟಿಯಿಂದ ತಗದ್ರು, ಮುಂದಿನ ಸಲ ಹೆಸರ ಹೇಳಿ ಬರ್ರಿ ಅಂತ. ಅಂಥಾ ಗಟ್ಟಿ ಮನುಷ್ಯಾ. ಅವರನ್ನ 1953ರಾಗ ಸುಡಾನ್ ದೇಶದವರು ಕರಕೊಂಡು ಹೋದ್ರು. ಸುಡಾನ್ ಆವಾಗ ಇನ್ನೂ ಬ್ರಿಟಿಷ್ ಮತ್ತ ಈಜಿಪ್ಟ್ ಹಿಡಿತದಾಗಿತ್ತು, ಅಲ್ಲಿಯ ಮೊದಲ ಸಂಸತ್ ಚುನಾವಣೆ ನಡಸಾಕ ಒಂದು ಅಂತರರಾಷ್ಟ್ರೀಯ ಆಯೋಗ ಮಾಡಿದ್ರು, ಸುಡಾನಿನವರು, ಈಜಿಪ್ಟ್, ಬ್ರಿಟನ್, ಅಮೆರಿಕಾದವರು ಸದಸ್ಯರು, ಎಲ್ಲಾರ ಮ್ಯಾಲ ಅಧ್ಯಕ್ಷರು ನಮ್ಮ ಸೇನ್. ಯೋಚನೆ ಮಾಡ್ರಿ, ನಮಗ ಸ್ವಾತಂತ್ರ್ಯ ಬಂದು ಆರು ವರ್ಷ ಆಗಿತ್ತು, ಊಟಕ್ಕ ಧಾನ್ಯ ಹೊರಗಿಂದ ಬರ್ತಿತ್ತು, ಆದ್ರೂ ಬ್ರಿಟಿಷರು, ಅಮೆರಿಕಾದವರು ಕುಂತ ಮೇಜಿನ ತಲೀಕಡೆ ಕುಂದ್ರೋ ಯೋಗ್ಯತಾ ನಮಗಿತ್ತು. ಅದು ಸೈನ್ಯದಿಂದ ಬಂದದ್ದಲ್ಲ, ಒಂದು ಚುನಾವಣೆ ನೆಟ್ಟಗ ಮಾಡಿ ತೋರಿಸಿದ್ದರಿಂದ ಬಂದದ್ದು.

ನಾನು ನೌಕರಿಯ ಉದ್ದಕ್ಕೂ ಇಲೆಕ್ಷನ್ ಡ್ಯೂಟಿ ಮಾಡೇನಿ, ತಗಡಿನ ಮತಪೆಟ್ಟಿಗೆ ಕಾಲದಿಂದ ವಿವಿಪ್ಯಾಟ್ ಕಾಲದ ತನಕ. ಮಸ್ಟರಿಂಗ್ ದಿನ ಸಾಮಾನ ಎಣಿಸಿ ತಗೊಂಡು, ಬಸ್ಸಿನ್ಯಾಗ ಹಳ್ಳಿ ಸಾಲಿಗೆ ಹೋಗಿ, ಬೆಳಿಗ್ಗೆ ಏಜೆಂಟರ ಮುಂದ ಅಣಕು ಮತದಾನ ಮಾಡಿ, ಕಡಿಮಿ ಅಂದ್ರ 50 ಓಟು ಹಾಕಿ, ಲೆಕ್ಕ ತಾಳಿ ಆಗೋದು ತೋರಿಸಿ, ಅಳಿಸಿ, ಸೀಲ್ ಮಾಡಿ, ಆಮ್ಯಾಲ ಖರೇ ಮತದಾನ. ಸಂಜಿಗೆ 17ಸಿ ನಮೂನೆಯೊಳಗ ಎಷ್ಟು ಓಟು ಬಿದ್ವು ಅಂತ ಬರದು ಒಬ್ಬೊಬ್ಬ ಏಜೆಂಟಗೂ ಒಂದೊಂದು ಪ್ರತಿ ಸಹಿ ಮಾಡಿ ಕೊಡಬೇಕು. ಊರಾಗ ಹೊಡದಾಡೋ ಎರಡು ಪಾರ್ಟಿಯವರು ಒಂದ ಬೆಂಚಿನ ಮ್ಯಾಲ ಕುಂತು ಒಂದ ಕಾಗದಕ್ಕ ಸಹಿ ಹಾಕ್ತಾರಲ್ಲ, ಪ್ರಜಾಪ್ರಭುತ್ವ ಅಂದ್ರ ನನ್ನ ಕಣ್ಣಿಗೆ ಅದ. ಸೋತವ ಸೋತೆ ಅಂತ ಒಪ್ಪಬೇಕಂದ್ರ ಅವನ ಏಜೆಂಟನ ಕೈಯಾಗ ಆ ಕಾಗದ ಇರಬೇಕು. ಈ ಕೆಲಸ ಗೊತ್ತಿರೋ ಶಿಕ್ಷಕರು, ತಲಾಠಿಗಳು, ಪಿಡಿಓಗಳು, ತಹಶೀಲ್ದಾರರು ನಮ್ಮಲ್ಲಿ ಲಕ್ಷಗಟ್ಟಲೆ ಅದಾರ. ಜಗತ್ತಿನ್ಯಾಗ ಯಾವ ದೇಶದಾಗೂ ಇಷ್ಟು ಮಂದಿ ಇಲ್ಲ ಅಂತ ಧೈರ್ಯದಿಂದ ಹೇಳ್ತೇನಿ.

ಇದರಾಗ ಸ್ವಲ್ಪ ಕೆಲಸ ಈಗೂ ನಡೀತೈತಿ, ಇಲ್ಲ ಅನ್ನಂಗಿಲ್ಲ. ಮೈಸೂರು ಪೇಂಟ್ಸ್‌ನ ಶಾಯಿ ಇಪ್ಪತ್ತಕ್ಕೂ ಹೆಚ್ಚು ದೇಶಕ್ಕ ಹೋಗ್ತೈತಿ. ಬೆಂಗಳೂರಿನ ಬಿಇಎಲ್ ಮಾಡಿದ ಮತಯಂತ್ರ ತಗೊಂಡು ನಮೀಬಿಯಾ 2014ರಾಗ ಚುನಾವಣೆ ಮಾಡ್ತು. ಭೂತಾನ್ 2008ರಾಗ ಮೊದಲ ಸಲ ಸಂಸತ್ ಚುನಾವಣೆ ಮಾಡಿದಾಗ, ಸ್ವತಃ ರಾಜನ ಮನಸ್ಸು ಮಾಡಿ ಜನರಿಗೆ ಓಟು ಕೊಟ್ಟ ಆ ದೇಶಕ್ಕ ಯಂತ್ರ ನಮ್ಮದ, ತರಬೇತಿ ನಮ್ಮದ. ಚುನಾವಣಾ ಆಯೋಗ 2011ರಾಗ ದಿಲ್ಲಿಯೊಳಗ ಒಂದು ಅಂತರರಾಷ್ಟ್ರೀಯ ತರಬೇತಿ ಸಂಸ್ಥೆನೂ ತಗದೈತಿ. 2005ರಾಗ ವಿಶ್ವಸಂಸ್ಥೆಯ ಪ್ರಜಾಪ್ರಭುತ್ವ ನಿಧಿ ಶುರುವಾದಾಗ ಮುಂದ ಬಂದು ರೊಕ್ಕ ಹಾಕಿದವರೊಳಗ ನಾವೂ ಇದ್ವಿ. ಆದ್ರ ಇದೆಲ್ಲ ಅಲ್ಲಲ್ಲಿ ಚದರಿ ಬಿದ್ದೈತಿ. ವಿದೇಶಾಂಗ ಇಲಾಖೆ ಇದು ನಮ್ಮ ನೀತಿ ಅಂತ ಎದಿ ತಟ್ಟಿ ಹೇಳೂದಿಲ್ಲ. ಈಗ ಹೇಳೋ ಹೊತ್ತು ಬಂದೈತಿ ಯಾಕಂದ್ರ 2025ರಾಗ ಅಮೆರಿಕಾ ಹೊರದೇಶಗಳಿಗೆ ನೆರವು ಕೊಡೋ ತನ್ನ ಯುಎಸ್‌ಏಡ್ ಸಂಸ್ಥೆನ ಮುಚ್ಚಿ ಹಾಕ್ತು, ಅದರ ರೊಕ್ಕದ ಮ್ಯಾಲ ನಡೀತಿದ್ದ ಎಷ್ಟೋ ದೇಶಗಳ ಚುನಾವಣಾ ತರಬೇತಿ, ಪತ್ರಿಕೆ, ಕಾನೂನು ನೆರವಿನ ಕೆಲಸ ನಿಂತು ಹೋಗ್ಯಾವ. ಆ ಖಾಲಿ ಜಾಗಕ್ಕ ಯಾರರ ಬಂದ ಬರ್ತಾರ. ಮತ ಎಣಿಸೋದು ಕಲಿಸೋರು ಬರ್ತಾರೋ, ಮುಖ ಗುರುತಿಸೋ ಕ್ಯಾಮೆರಾ ಮಾರೋರು ಬರ್ತಾರೋ ಅನ್ನೋದು ನಮ್ಮಂಥವರ ಮ್ಯಾಲ ಐತಿ.

ಚುನಾವಣೆ ಒಂದ ಸಾಕಾಗಂಗಿಲ್ಲ ಅನ್ನೋದೂ ನಿಜ. ಸೇನ್ ಅವರು ಅಷ್ಟು ಚಂದ ಮಾಡಿ ಬಂದ ಸುಡಾನಿನ್ಯಾಗ 1956ಕ್ಕ ಸ್ವಾತಂತ್ರ್ಯ ಬಂತು, 1958ಕ್ಕ ಮಿಲಿಟರಿ ಬಂತು, 2023ರಿಂದ ಅಲ್ಲಿ ಎರಡು ಜನರಲ್‌ಗಳ ಜಗಳದಾಗ ಊರಿಗೆ ಊರ ಖಾಲಿ ಆಗ್ಯಾವ. ಅದಕ್ಕ ಓಟು ಆದ ಮ್ಯಾಲನೂ ಬೆನ್ನು ಬಿಡಬಾರ್ದು ಅಂತೀನಿ. ಕೋರ್ಟು, ಪತ್ರಿಕೆ, ಪಂಚಾಯ್ತಿ ಇವು ಬೇರು. ನಮ್ಮ ರಾಜ್ಯ 1983ರ ಪಂಚಾಯ್ತಿ ಕಾಯ್ದೆ ಮಾಡಿ 1987ರಾಗ ಜಿಲ್ಲಾ ಪರಿಷತ್ ಚುನಾವಣೆ ಮಾಡಿ ಹೆಣ್ಮಕ್ಕಳಿಗೆ ಕಾಲು ಭಾಗ ಸೀಟು ಕೊಟ್ಟಿತ್ತು, ದೇಶಕ್ಕೆಲ್ಲ ಪಂಚಾಯ್ತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರೋಕಿಂತ ಮೊದಲ. ನೇಪಾಳದಾಗ ಈಗ 753 ಸ್ಥಳೀಯ ಸರ್ಕಾರಗಳದಾವ. ಅಲ್ಲಿಯ ಹೆಣ್ಮಕ್ಕಳು ಮೆಂಬರ್ ಆದವರು ಬಂದು ಬಾಗಲಕೋಟೆ ಜಿಲ್ಲಾದ ಗ್ರಾಮ ಪಂಚಾಯ್ತಿಯೊಳಗ ಒಂದು ತಿಂಗಳು ಇದ್ದು ಹೋಗಲಿ, ನಮ್ಮವರು ಅಲ್ಲಿಗೆ ಹೋಗಿ ಅವರಿಂದ ಕಲೀಲಿ. ಖರ್ಚು ಎಷ್ಟಾದೀತು?

ಬ್ಯಾರೆಯವರ ಮನೀ ವಿಷಯ ನಮಗ್ಯಾಕ, ಇನ್ನೊಬ್ಬರ ಒಳಗಿನ ವಿಷಯಕ್ಕ ಕೈ ಹಾಕಬಾರ್ದು ಅನ್ನೋ ಪಂಚಶೀಲ ಏನಾತು ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. 1946ರಾಗ ದಕ್ಷಿಣ ಆಫ್ರಿಕಾದ ವರ್ಣಭೇದ ಆ ದೇಶದ ಒಳಗಿನ ವಿಷಯ ಅಂತ ಅವ್ರೂ ಹೇಳಿದ್ರು. ನಾವು ಇನ್ನೂ ಪೂರ್ತಿ ಸ್ವತಂತ್ರನೂ ಆಗಿರಲಿಲ್ಲ, ಆದ್ರ ಜಗತ್ತಿನ್ಯಾಗ ಎಲ್ಲಾರಿಗಿಂತ ಮೊದಲ ಅವರ ಜೋಡಿ ವ್ಯಾಪಾರ ಬಂದ್ ಮಾಡಿದ್ವಿ, ವಿಶ್ವಸಂಸ್ಥೆಯೊಳಗ ದೂರು ಕೊಟ್ವಿ, 1967ರಾಗ ಮಂಡೇಲಾ ಅವರ ಪಕ್ಷ ಎಎನ್‌ಸಿಗೆ ದಿಲ್ಲಿಯೊಳಗ ಕಚೇರಿ ತಗೀಲಿಕ್ಕೆ ಜಾಗ ಕೊಟ್ವಿ. ಮಂಡೇಲಾ ಜೈಲಿನಿಂದ ಹೊರಗ ಬಂದ ಮ್ಯಾಲ ಭಾರತಕ್ಕ ಕೃತಜ್ಞತೆ ಹೇಳಿದ್ದು ಸುಮ್ನ ಅಲ್ಲ. ಇನ್ನ ನಮ್ಮ ಸ್ವಂತ ಕಥಿ. 1975ರ ಎಮರ್ಜೆನ್ಸಿಯೊಳಗ ಜಾರ್ಜ್ ಫರ್ನಾಂಡಿಸ್ ಸಿಕ್ಕು ಬಿದ್ದಾಗ ಅವರ ಜೀವಕ್ಕ ಅಪಾಯ ಆಗಬಾರ್ದು ಅಂತ ಯುರೋಪಿನ ಸಮಾಜವಾದಿ ನಾಯಕರು, ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯಾದ ಕ್ರೈಸ್ಕಿ, ಸ್ವೀಡನ್ನಿನ ಪಾಲ್ಮೆ, ಇಂದಿರಾ ಗಾಂಧಿಯವರಿಗೆ ಹೇಳಿ ಕಳಿಸಿದ್ರು. ಆ ಹಸ್ತಕ್ಷೇಪ ತಪ್ಪು ಅಂತ ಇವತ್ತು ಯಾರರ ಅಂತೀರೇನು? ಮುಂದ ಅದ ಜಾರ್ಜ್ ದಿಲ್ಲಿಯೊಳಗ ತಮಗ ಕೊಟ್ಟ ಸರ್ಕಾರಿ ಮನ್ಯಾಗ ಬರ್ಮಾದಿಂದ ಓಡಿ ಬಂದ ವಿದ್ಯಾರ್ಥಿಗಳನ್ನ ಇಟ್ಕೊಂಡ್ರು, ರಕ್ಷಣಾ ಮಂತ್ರಿ ಆದ ಮ್ಯಾಲನೂ ಕಳಿಸಲಿಲ್ಲ.

ಜಾಗ ಕೊಡೋದು ಎಷ್ಟು ದೊಡ್ಡ ಕೆಲಸ ಅಂತ ಈ ಭಾಗದ ನಮಗ ಗೊತ್ತೈತಿ. ಚಳಿಗಾಲದಾಗ ಸ್ವೆಟರ್ ಮಾರಾಕ ನಮ್ಮ ಕಡೆ ಬರೋ ಟಿಬೆಟಿನವರು ಬಹಳ ಮಂದಿ ಮುಂಡಗೋಡದವರು. 1966ರಾಗ ನಿಜಲಿಂಗಪ್ಪನವರು ಮುಖ್ಯಮಂತ್ರಿ ಇದ್ದಾಗ ಅವರಿಗೆ ಅಲ್ಲಿ ಜಾಗ ಸಿಕ್ತು. ಆ ಮಂದಿ 1960ರಿಂದ ತಮ್ಮ ಪ್ರತಿನಿಧಿಗಳನ್ನ ಆರಿಸ್ತಾರ, 2011ರಾಗ ದಲಾಯಿ ಲಾಮಾ ತಮ್ಮ ರಾಜಕೀಯ ಅಧಿಕಾರ ಪೂರ್ತಿ ಬಿಟ್ಟು ಕೊಟ್ಟ ಮ್ಯಾಲ ಆರಿಸಿ ಬಂದ ನಾಯಕನ ಅವರ ಸರ್ಕಾರ ನಡಸ್ತಾನ, ಮುಂಡಗೋಡದಾಗೂ ಮತಗಟ್ಟೆ ಇರ್ತೈತಿ. ದೇಶ ಇಲ್ಲದ ಜನ ನಮ್ಮ ಕರ್ನಾಟಕದ ಮಣ್ಣಿನ ಮ್ಯಾಲ ಓಟು ಹಾಕೋದು ಕಲಿತ್ರು. ಇದಕ್ಕಿಂತ ಹೆಚ್ಚಿಗಿ ಹೆಮ್ಮಿ ಪಡೋ ವಿದೇಶಾಂಗ ನೀತಿ ನನಗ ಬ್ಯಾರೆ ಕಾಣಸವಲ್ದು.

ಈಗ ಮ್ಯಾನ್ಮಾರಿಗೆ ಹೊಳ್ಳಿ ಬರ್ತೇನಿ, ಯಾಕಂದ್ರ ನಮ್ಮ ಗುರಿ ಖರೇನೋ ಸುಳ್ಳೋ ಅನ್ನೋದು ಅಲ್ಲೇ ಗೊತ್ತಾಗ್ತೈತಿ. 1988ರಾಗ ಅಲ್ಲಿ ವಿದ್ಯಾರ್ಥಿಗಳು ಬೀದಿಗೆ ಇಳಿದಾಗ ನಮ್ಮ ಸರ್ಕಾರ ಅವರ ಪರ ನಿಂತಿತ್ತು, ಆಕಾಶವಾಣಿಯ ಬರ್ಮೀ ಪ್ರಸಾರ ಅಲ್ಲಿಯ ಜನರಲ್‌ಗಳ ನಿದ್ದಿ ಕೆಡಿಸಿತ್ತು. 1990ರ ಚುನಾವಣೆಯೊಳಗ ಆಂಗ್ ಸಾನ್ ಸೂಚಿ ಪಕ್ಷ ಗೆದ್ದು ಬಂದ್ರೂ ಮಿಲಿಟರಿ ಅಧಿಕಾರ ಕೊಡಲಿಲ್ಲ. ದಿಲ್ಲಿಯ ಲೇಡಿ ಶ್ರೀರಾಮ್ ಕಾಲೇಜಿನ್ಯಾಗ ಓದಿದ ಹೆಣ್ಮಗಳು ಆಕಿ. ನಾವು ಆಕಿಗೆ ನೆಹರೂ ಪ್ರಶಸ್ತಿ ಕೊಟ್ವಿ, ಆದ್ರ ತೊಂಬತ್ತರ ದಶಕದಾಗ ನಿಧಾನಕ ಜನರಲ್‌ಗಳ ಕಡೆ ವಾಲಿದ್ವಿ. ಸೂಚಿಯವರು ಅಧಿಕಾರಕ್ಕ ಬಂದ ಮ್ಯಾಲ ರೋಹಿಂಗ್ಯಾ ಜನರ ವಿಷಯದಾಗ ನಡಕೊಂಡ ರೀತಿ ನನಗ ಬಹಳ ನೋವು ಕೊಟ್ಟೈತಿ, ಅದನ್ನ ಮುಚ್ಚಿಡಂಗಿಲ್ಲ. ಆದ್ರೂ 2020ರ ನವೆಂಬರ್‌ದಾಗ 476 ಸೀಟಿನೊಳಗ 396 ಗೆದ್ದ ಆಕಿ ಪಕ್ಷದವರನ್ನ ಜೈಲಿಗೆ ಹಾಕೋ ಹಕ್ಕು ಮಿಲಿಟರಿಗೆ ಯಾರ್ ಕೊಟ್ರು? 2021ರ ಮಾರ್ಚ್ 27ಕ್ಕ ಅವರು ಸೇನಾ ದಿನದ ಪರೇಡ್ ಮಾಡಿದ್ರು, ನಮ್ಮ ಪ್ರತಿನಿಧಿ ಆ ಪರೇಡಿಗೆ ಹಾಜರಿದ್ರು, ಅದ ದಿನ ಬೀದಿಯೊಳಗ ನೂರಕ್ಕೂ ಹೆಚ್ಚು ಜನರನ್ನ ಗುಂಡಿಟ್ಟು ಕೊಂದ್ರು, ಅದರಾಗ ಮಕ್ಕಳೂ ಇದ್ರು. 2023ರಾಗ ಆ ಪಕ್ಷಾನ ವಿಸರ್ಜನೆ ಮಾಡಿದ್ರು. 2025ರ ಡಿಸೆಂಬರ್‌ದಿಂದ ಹಂತ ಹಂತವಾಗಿ ಒಂದು ಚುನಾವಣೆನೂ ಮಾಡಿದ್ರು, ಗೆದ್ದ ಪಕ್ಷ ಕಣದಾಗ ಇಲ್ಲ, ನಾಯಕಿ ಬಂಧನದಾಗ. ಮತಗಟ್ಟೆಯೊಳಗ ದುಡಿದ ನಾನು ಅದನ್ನ ಚುನಾವಣೆ ಅಂತ ಒಪ್ಪಂಗಿಲ್ಲ, ನೀವೂ ಒಪ್ಪಬಾರ್ದು.

ನಿಮ್ಮ ಕಡೆಯ ಕಾರಣ ನನಗ ಗೊತ್ತದಾವ. 1,643 ಕಿಲೋಮೀಟರ್ ಗಡಿ, ಈಶಾನ್ಯದ ಉಗ್ರರು, ಚೀನಾ. ನಾವು ಮಾತಾಡಿದ್ರ ಜನರಲ್‌ಗಳು ಚೀನಾ ಕಡೆ ಹೋಗ್ತಾರ ಅಂತೀರಿ. ಅವ್ರು ಹೋಗಿ ಬಹಳ ದಿನ ಆತಲ್ರಿ. ಚೀನಾದ ಗ್ಯಾಸ್ ಪೈಪು 2013ರಾಗ, ಎಣ್ಣಿ ಪೈಪು 2017ರಾಗ ಅವರ ಕಡಲದಂಡಿಯಿಂದ ಚೀನಾದ ಯುನ್ನಾನ್ ಪ್ರಾಂತ್ಯದ ತನಕ ಶುರುವಾದ್ವು, ನಾವು ಸುಮ್ನಿದ್ದದ್ದಕ್ಕ ಅವು ನಿಲ್ಲಲಿಲ್ಲ. ನಮ್ಮ ಕಲಾದಾನ್ ಯೋಜನೆಗೆ 2008ರಾಗ ಸಹಿ ಬಿತ್ತು, ಮ್ಯಾನ್ಮಾರ್ ದಾಟಿ ಮಿಜೋರಾಂಗೆ ಹೋಗೋ ಆ ದಾರಿ ಇನ್ನೂ ಮುಗಿದಿಲ್ಲ, ಅದರ ನಡುವಿನ ಪಲೆತ್ವಾ ಪಟ್ಟಣ 2024ರ ಜನವರಿಯೊಳಗ ಮಿಲಿಟರಿ ವಿರುದ್ಧ ಹೋರಾಡೋ ಅರಾಕಾನ್ ಆರ್ಮಿ ಅನ್ನೋ ಬಂಡುಕೋರರ ಕೈಗೆ ಹೋತು. ಅಂದ್ರ ನಾವು ಯಾರನ್ನ ಮೆಚ್ಚಿಸಾಕ ಸುಮ್ನಿದ್ವೋ ಅವರ ಕೈಯಾಗ ಆ ನೆಲಾನ ಉಳಿದಿಲ್ಲ. ನಾಳೆ ಆ ದೇಶ ನಡಸೋರು ಈಗ ಕಾಡಿನ್ಯಾಗ, ಜೈಲಿನ್ಯಾಗ, ಮಿಜೋರಾಂನ ಗುಡಿಸಲದಾಗ ಇರೋ ಜನ. ಅವ್ರಿಗೆ ನಾವು ಏನು ಮಾಡಿದ್ವಿ ಅಂತ ನೆನಪಿರ್ತೈತಿ.

ಮಿಜೋರಾಂ ಜನ ಅಂತೂ ತಮ್ಮ ಕೆಲಸ ಮಾಡ್ಯಾರ. 2021ರ ಮಾರ್ಚ್‌ದಾಗ ಮ್ಯಾನ್ಮಾರಿನಿಂದ ಓಡಿ ಬಂದವರನ್ನ ಒಳಗ ಬಿಡಬ್ಯಾಡ್ರಿ ಅಂತ ಕೇಂದ್ರ ಹೇಳಿದ್ರೂ ಆಗಿನ ಮುಖ್ಯಮಂತ್ರಿ ಜೋರಾಮ್‌ಥಂಗಾ ಪ್ರಧಾನಿಗೆ ಪತ್ರ ಬರದು, ನಮ್ಮ ರಕ್ತಸಂಬಂಧಿಕರು, ಹೊರಗ ಹಾಕಾಕ ಆಗಂಗಿಲ್ಲ ಅಂದ್ರು. ಚರ್ಚಿನವರು, ಯಂಗ್ ಮಿಜೋ ಅಸೋಸಿಯೇಷನ್ ಹುಡುಗ್ರು ಅಕ್ಕಿ ಕೂಡಿಸಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರನ್ನ ಸಾಕ್ಯಾರ. ಒಂದು ಸಣ್ಣ ರಾಜ್ಯ ಮಾಡಿದ್ದನ್ನ ಇಡೀ ದೇಶದ ನೀತಿ ಮಾಡ್ರಿ ಅನ್ನೋದಷ್ಟ ನನ್ನ ಬೇಡಿಕೆ. ಆ ಜನರಿಗೆ ಕಾಗದ ಪತ್ರ ಕೊಡ್ರಿ, ಅವರ ಮಕ್ಕಳಿಗೆ ನಮ್ಮ ಕಾಲೇಜಿನ್ಯಾಗ ಸೀಟು ಕೊಡ್ರಿ. ಬರ್ಮೀ ಭಾಷೆಯ ರೇಡಿಯೋಕ್ಕ ಹೊಳ್ಳಿ ಜೀವ ತುಂಬ್ರಿ. ಆರಿಸಿ ಬಂದು ಕಾಡು ಸೇರಿದ ಎಂಪಿಗಳ ಜೋಡಿ ಎದುರಾ ಎದುರ ಕುಂತು ಮಾತಾಡ್ರಿ, ಮಿಲಿಟರಿಗೆ ಶಸ್ತ್ರ, ರಾಡಾರ್ ಬಿಡಿಭಾಗ ಹೋಗೋದನ್ನ ಪೂರ್ತಿ ಬಂದ್ ಮಾಡ್ರಿ.

ಇನ್ನೊಂದು ಮಾತು ಹೇಳದಿದ್ರ ಪತ್ರ ಅಪೂರ್ಣ ಆಗ್ತೈತಿ. ನಮ್ಮ ಬಾಗೇವಾಡಿಯೊಳಗ ಹುಟ್ಟಿದ ಬಸವಣ್ಣನವರ ಮೂರ್ತಿನ್ನ 2015ರಾಗ ಲಂಡನ್ನಿನ ಥೇಮ್ಸ್ ದಂಡಿ ಮ್ಯಾಲ ಅನಾವರಣ ಮಾಡಿದ್ರಿ, 2023ರ ಜಿ20 ಹೊತ್ತಿನ್ಯಾಗ ಭಾರತ ಪ್ರಜಾಪ್ರಭುತ್ವದ ತಾಯಿ ಅಂತ ಬಂದವರಿಗೆಲ್ಲ ತೋರಿಸಿದ್ರಿ. ನಮ್ಮ ಭಾಗದವರಿಗೆ ಅದು ಅಭಿಮಾನದ ವಿಷಯ. ಆದ್ರ ಅನುಭವ ಮಂಟಪದಾಗ ಸಮಗಾರರು, ಮಡಿವಾಳರು, ಹೆಣ್ಮಕ್ಕಳು ದೊಡ್ಡವರಿಗೆ ಎದುರ ನಿಂತು ಪ್ರಶ್ನೆ ಕೇಳ್ತಿದ್ರು. ಆ ಹೆಸರ ಹೊರಗ ಒಯ್ದ ಮ್ಯಾಲ ಹೊರಗಿನವರು ನಮಗೂ ಪ್ರಶ್ನೆ ಕೇಳ್ತಾರ, ನಿಮ್ಮಲ್ಲಿ ಪತ್ರಕರ್ತರ ಗತಿ ಏನು, ಇಂಟರ್ನೆಟ್ ಯಾಕ ಪದೇ ಪದೇ ಬಂದ್ ಆಗ್ತೈತಿ, ವಿಚಾರಣೆ ಇಲ್ಲದ ಜೈಲಿನ್ಯಾಗ ವರ್ಷಗಟ್ಟಲೆ ಯಾಕ ಇಟ್ಟೀರಿ ಅಂತ. ಅದಕ್ಕ ಸಿಟ್ಟು ಮಾಡ್ಕೋಬ್ಯಾಡ್ರಿ. ಕೇಳಸ್ಕೊಂಡು ಉತ್ತರ ಕೊಡ್ರಿ, ತಪ್ಪಿದ್ರ ತಿದ್ರಿ. ಬ್ಯಾರೆಯವರಿಗೆ ಪ್ರಜಾಪ್ರಭುತ್ವದ ಮಾತು ಹೇಳೋ ದೇಶ ತನ್ನ ಮನೀನೂ ಸ್ವಚ್ಛ ಇಟ್ಕೋಬೇಕಾಗ್ತೈತಿ, ಈ ಗುರಿ ಇಟ್ಕೊಳ್ಳೋದರಿಂದ ಆಗೋ ದೊಡ್ಡ ಲಾಭ ನನ್ನ ಲೆಕ್ಕದಾಗ ಅದ.

ಈ ಪತ್ರದ ಪ್ರತಿಯನ್ನ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಚಿಕ್ಕೋಡಿ ನಾಲ್ಕೂ ಕ್ಷೇತ್ರದ ಎಂಪಿಗಳಿಗೆ ಅಂಚೆಯೊಳಗ ಕಳಸಾಕತ್ತೇನಿ. ಅವರು ಬರೋ ಅಧಿವೇಶನದಾಗ ಎರಡು ಪ್ರಶ್ನೆ ಕೇಳಲಿ ಅಂತ ಬರದೇನಿ. ಮ್ಯಾನ್ಮಾರ್ ಮಿಲಿಟರಿ ನಡಸಿದ ಚುನಾವಣೆಯ ಫಲಿತಾಂಶಾನ್ನ ಭಾರತ ಮಾನ್ಯ ಮಾಡ್ತೈತೋ ಇಲ್ಲೋ? ಬ್ಯಾರೆ ದೇಶದ ಚುನಾವಣಾ ಸಿಬ್ಬಂದಿ ತರಬೇತಿಗೆ ಅಂತ ಬಜೆಟ್‌ನೊಳಗ ಎಷ್ಟು ರೊಕ್ಕ ಇಟ್ಟೀರಿ, ಮುಂದಿನ ವರ್ಷ ಎಷ್ಟು ಇಡ್ತೀರಿ? ಉತ್ತರ ಲೋಕಸಭೆಯ ದಾಖಲೆಯೊಳಗ ಬರಲಿ, ನಾನು ಓದಿ ನಮ್ಮ ಹುಡುಗ್ರಿಗೆ ಹೇಳ್ತೇನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ವಿಜಯಪುರ